ಕೆಸರಿನ ಜೀನ್ಸೂ, ಕಂಬಳಿ ಕೊಪ್ಪೆಯೂ

2017ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ಡ್‌ಸ್ಟ್ರಾಮ್ ಅನ್ನೋ ದೊಡ್ಡ ಅಂಗಡಿಯ ಒಂದು ಜೀನ್ಸ್ ಪ್ಯಾಂಟು ಭಾರೀ ಸುದ್ದಿಯಾಗಿತ್ತು. ಪಿಆರ್‌ಪಿಎಸ್ ಅನ್ನೋ ಬ್ರಾಂಡಿನದು, ಬೆಲೆ 425 ಡಾಲರ್. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 27 ಸಾವಿರ ರೂಪಾಯಿ. ವಿಶೇಷ ಏನಪ್ಪಾ ಅಂದ್ರೆ, ಪ್ಯಾಂಟಿನ ತುಂಬಾ ಕೆಸರು ಮೆತ್ತಿಕೊಂಡಿತ್ತು! ನಿಜವಾದ ಕೆಸರಲ್ಲ, ಒಣಗಿ ಬಿರುಕು ಬಿಟ್ಟ ಕೆಸರಿನ ಹಾಗೆ ಕಾಣೋ ಲೇಪ. ಮೈಮುರಿದು ದುಡಿಯೋ ಜನ ಹಾಕಿಕೊಂಡ ಬಟ್ಟೆಯ ಹಾಗೆ ಕಾಣಬೇಕು ಅನ್ನೋದೇ ಆ ಡಿಸೈನಿನ ಹಿಂದಿನ 'ಸ್ಫೂರ್ತಿ'. ಕಷ್ಟದ ಕೆಲಸ ಮಾಡೋರ ಬಗ್ಗೆ ಟೀವಿ ಕಾರ್ಯಕ್ರಮ ಮಾಡಿ ಹೆಸರಾದ ಮೈಕ್ ರೋ ಅನ್ನೋರು ಫೇಸ್‌ಬುಕ್ಕಿನಲ್ಲಿ ಇದನ್ನು ಚೆನ್ನಾಗಿ ಝಾಡಿಸಿದ್ದರು.

ನಮ್ಮೂರು ಆಲೂರು ತಾಲ್ಲೂಕಿನಲ್ಲಿ, ಪಾಳ್ಯದ ಕಡೆ. ಸಕಲೇಶಪುರ ಪಕ್ಕದಲ್ಲೇ. ಜುಲೈ ತಿಂಗಳಲ್ಲಿ ಅಲ್ಲಿ ನಾಟಿ ಗದ್ದೆಗೆ ಒಂದು ಸಲ ಇಳಿದು ಹತ್ತಿದರೆ ಸಾಕು, ಇದೇ ಡಿಸೈನು ಪುಕ್ಕಟೆ ಸಿಗುತ್ತೆ. ಜೊತೆಗೆ ನಾಲ್ಕು ಇಂಬಳ ಬೋನಸ್ಸು :-)

ಇದನ್ನೆಲ್ಲಾ ಈಗ ಯಾಕೆ ಬರೀತಿದೀನಿ ಅಂದ್ರೆ, ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಮಾಲ್ ಒಂದರ ಬಟ್ಟೆ ಅಂಗಡಿಯಲ್ಲಿ ಒಂದು ಬೋರ್ಡು ನೋಡಿದೆ. ಹೆಸರು ಬೇಡ ಬಿಡಿ. ಹೊಸ ಸೀಸನ್ನಿನ ಡೆನಿಮ್ ಕಲೆಕ್ಷನ್. ಪಶ್ಚಿಮ ಘಟ್ಟದ ಮಳೆ, ಮಂಜು, ಕಾಫಿ ತೋಟದ ದುಡಿಮೆಯಿಂದ ಪ್ರೇರಣೆ ಪಡೆದದ್ದು ಅಂತ ಬರೆದಿತ್ತು. ಹಿಂದೆ ಮಂಜು ಮುಸುಕಿದ ಗುಡ್ಡದ ಚಿತ್ರ. ಅಭಿಮಾನ ಉಕ್ಕಿ ಬಂತು, ಸುಳ್ಳು ಹೇಳಲ್ಲ. ಹತ್ತಿರ ಹೋಗಿ ಪ್ಯಾಂಟು ಕೈಯಲ್ಲಿ ಹಿಡಿದು ನೋಡಿದೆ. ಗೋಣಿಚೀಲದಂಥ ದಪ್ಪ ಬಟ್ಟೆ, ಮೊಣಕಾಲ ಮೇಲೆ ಬೇಕಂತಲೇ ಹರಿದ ತೂತು, ಪಾದದ ಹತ್ತಿರ ಮೇಲಕ್ಕೆ ಮಡಚೋಕೂ ಆಗದಷ್ಟು ಬಿಗಿ.

ಇದನ್ನು ಹಾಕ್ಕೊಂಡು ಯಾರಾದರೂ ಹೆತ್ತೂರು ಕಡೆ ಒಂದು ವಾರ ಇರಲಿ ನೋಡೋಣ, ಪುನರ್ವಸು ಮಳೆಯಲ್ಲಿ!

ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳ್ತೀನಿ. ಮಾಮೂಲಿ ಜೀನ್ಸ್ ಬಟ್ಟೆ ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುತ್ತೆ. ಪೂರಾ ಹತ್ತಿ. ಹತ್ತಿಗೆ ನೀರು ಅಂದ್ರೆ ಪ್ರಾಣ, ಕುಡಿದ ಮೇಲೆ ಸುಲಭಕ್ಕೆ ಬಿಡಲ್ಲ. ನೆನೆದ ಜೀನ್ಸು ಕಾಲಿಗೆ ಅಂಟಿಕೊಂಡು ಮೈ ಬಿಸಿಯನ್ನೂ ಹೀರುತ್ತೆ. ನಮ್ಮ ಕಡೆ ಜುಲೈನಲ್ಲಿ ಗಾಳಿಯೇ ನೆನೆದಿರುತ್ತೆ, ಇನ್ನು ಬಟ್ಟೆ ಒಣಗೋದು ಎಲ್ಲಿಂದ? ಹಗ್ಗದ ಮೇಲೆ ಮೂರು ದಿನ ಹಾಕಿದರೂ ಸೊಂಟದ ಪಟ್ಟಿ, ಜೇಬಿನ ಮೂಲೆ ಹಸಿ ಹಸಿ. ಕೊನೆಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಕಾಲೇಜಿಗೆ ಹೋಗೋವಾಗ ನಮ್ಮ ಬಸ್ಸಿನಲ್ಲಿ ಜೀನ್ಸ್ ಹಾಕಿದ ಹುಡುಗರೆಲ್ಲರ ಹತ್ತಿರವೂ ಒಂದೇ ಸೆಂಟು, ಸೌದೆ ಹೊಗೆ!

ಹಾಗಾದ್ರೆ ಆ ಬೋರ್ಡಿನಲ್ಲಿ ಬರೆದ ಸ್ಫೂರ್ತಿ ಎಲ್ಲಿಂದ ಬಂತು? ಗೊತ್ತಿರೋ ಹುಡುಗಿಯೊಬ್ಬಳು ಬಟ್ಟೆ ಕಂಪನಿಯಲ್ಲಿ ಡಿಸೈನರ್. ಅವಳನ್ನು ಕೇಳಿದೆ. ಅವರ ಪಂಚಾಂಗದಲ್ಲಿ ಇರೋದು ಎರಡೇ ಕಾಲ. ಒಂದು ವಸಂತ-ಬೇಸಿಗೆ, ಇನ್ನೊಂದು ಶರತ್ಕಾಲ-ಚಳಿಗಾಲ. ಸುಮಾರು ಒಂದು ವರ್ಷ ಮುಂಚೆಯೇ ಕೆಲಸ ಶುರು. ಮುಂದಿನ ಸೀಸನ್ನಿಗೆ ಯಾವ ಬಣ್ಣ, ಯಾವ ಅಳತೆ ಓಡುತ್ತೆ ಅಂತ ಭವಿಷ್ಯ ಹೇಳೋ ಕಂಪನಿಗಳಿವೆ, ಅವರಿಂದ ವರದಿ ಕೊಳ್ತಾರೆ. ಆಮೇಲೆ ಒಂದು ದೊಡ್ಡ ಹಲಗೆಯ ಮೇಲೆ ಚಿತ್ರಗಳನ್ನು ಅಂಟಿಸ್ತಾರೆ, ಅದಕ್ಕೆ ಮೂಡ್ ಬೋರ್ಡ್ ಅಂತ ಹೆಸರು. ಮಂಜಿನ ಗುಡ್ಡ, ತುಕ್ಕು ಹಿಡಿದ ಬಾಗಿಲು, ಸುಕ್ಕುಗಟ್ಟಿದ ಕೈ... ಪ್ಯಾಂಟು ಎಷ್ಟೋ ಸಲ ಮೊದಲೇ ತೀರ್ಮಾನ ಆಗಿರುತ್ತೆ, ಕಥೆ ಆಮೇಲೆ ಬಂದು ಕೂರುತ್ತೆ ಅಂತ ಅವಳೇ ನಕ್ಕಳು.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ನಮ್ಮಲ್ಲಿ 'ಯೂಸರ್ ಸ್ಟೋರಿ' ಅಂತ ಒಂದಿದೆ. ಯಾರು ಬಳಸ್ತಾರೆ, ಅವರಿಗೆ ಏನು ಬೇಕು, ಯಾಕೆ ಬೇಕು. ಈ ಮೂರನ್ನು ಒಂದು ಸಾಲಿನಲ್ಲಿ ಬರೆಯದೆ ಮುಂದೆ ಹೋಗೋ ಹಾಗಿಲ್ಲ. ಫ್ಯಾಷನ್ನಿನ ಬೋರ್ಡುಗಳಲ್ಲಿ ಸ್ಟೋರಿ ಇದೆ, ಯೂಸರ್ ನಾಪತ್ತೆ!

ತಮಾಷೆ ಅಂದ್ರೆ ಜೀನ್ಸ್ ಹುಟ್ಟಿದ್ದೇ ಒಂದು ಒಳ್ಳೇ ಯೂಸರ್ ಸ್ಟೋರಿಯಿಂದ. ಅಮೆರಿಕದ ನೆವಾಡಾದ ರೀನೋ ಊರಲ್ಲಿ ಜೇಕಬ್ ಡೇವಿಸ್ ಅನ್ನೋ ಟೈಲರ್ ಇದ್ದ. 1870ರ ಆಸುಪಾಸಿನಲ್ಲಿ ಒಬ್ಬ ಮರ ಕಡಿಯೋನ ಹೆಂಡತಿ ಬಂದು, ನನ್ನ ಗಂಡನಿಗೆ ಹರಿಯದೇ ಇರೋ ಒಂದು ಪ್ಯಾಂಟು ಹೊಲಿದುಕೊಡಪ್ಪ ಅಂದಳಂತೆ. ಪ್ಯಾಂಟು ಹರಿಯೋದು ಎಲ್ಲಿ? ಜೇಬಿನ ಮೂಲೆಯಲ್ಲಿ, ಕೈ ಹಾಕಿ ತೆಗೆದು, ಭಾರ ತುಂಬಿ. ಡೇವಿಸ್ ಕುದುರೆ ಮೇಲೆ ಹೊದಿಸೋ ಕಂಬಳಿಗೆ ಪಟ್ಟಿ ಕೂರಿಸೋಕೆ ತಾಮ್ರದ ರಿವೆಟ್ಟು ಬಳಸ್ತಿದ್ದ. ಅದನ್ನೇ ತಂದು ಜೇಬಿನ ಮೂಲೆಗೆ ಬಡಿದ. ಆ ಮೊದಲ ಪ್ಯಾಂಟು ಡೆನಿಮ್ ಕೂಡ ಅಲ್ಲ, ಡಕ್ ಅನ್ನೋ ಬಿಳಿ ದಪ್ಪ ಬಟ್ಟೆ. ಬೇಡಿಕೆ ಹೆಚ್ಚಾದಾಗ ಪೇಟೆಂಟ್ ಮಾಡಿಸೋಕೆ ಕೈಯಲ್ಲಿ ಕಾಸಿಲ್ಲದೆ, ತನಗೆ ಬಟ್ಟೆ ಮಾರ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಲೀವೈ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಇಬ್ಬರಿಗೂ ಸೇರಿ ಪೇಟೆಂಟ್ ಸಿಕ್ಕಿತು, ಸಂಖ್ಯೆ 139,121. ಇವತ್ತು ನಮ್ಮೆಲ್ಲರ ಜೇಬಿನ ಮೂಲೆಯಲ್ಲಿ ಹೊಳೆಯೋ ಗುಂಡಿ ಅದೇ.

ಮೂಡ್ ಬೋರ್ಡ್ ಇಲ್ಲ, ಸೀಸನ್ ಇಲ್ಲ. ಒಬ್ಬ ಹೆಂಗಸಿನ ದೂರು, ಒಬ್ಬ ಟೈಲರಿನ ಕಿವಿ. ಅಷ್ಟೇ. ಸ್ಫೂರ್ತಿ ಅಂದ್ರೆ ಅದು.

ಆಮೇಲೆ ನಡೆದದ್ದು ಇದರ ತಿರುವುಮುರುವು. ಡೆನಿಮ್ಮಿನಲ್ಲಿ ಹಾಸು ನೂಲು ನೀಲಿ, ಹೊಕ್ಕು ನೂಲು ಬಿಳಿ. ನೀಲಿ ಬಣ್ಣ ನೂಲಿನ ಒಳಗಿನವರೆಗೂ ಇಳಿಯಲ್ಲ, ಹೊರಗಡೆ ಮಾತ್ರ ಕೂತಿರುತ್ತೆ. ಹಾಗಾಗಿ ಉಜ್ಜಿದ ಕಡೆ ಬಿಳಿ ಕಾಣುತ್ತೆ. ಮಂಡಿಯೂರಿ ಕೆಲಸ ಮಾಡಿದವನ ಪ್ಯಾಂಟು ಮಂಡಿಯಲ್ಲಿ ಮಾಸುತ್ತೆ, ಕೂತು ಕೆಲಸ ಮಾಡಿದವನದು ಹಿಂದೆ. ಪ್ಯಾಂಟು ನೋಡಿ ಕೆಲಸ ಹೇಳಬಹುದು. ಆ ಗುರುತಿಗೇ ಈಗ ಬೆಲೆ. 2001ರಲ್ಲಿ ನೆವಾಡಾದ ಹಳೇ ಗಣಿ ಊರಿನ ಮಣ್ಣಲ್ಲಿ ಸಿಕ್ಕ 1880ರ ದಶಕದ ಒಂದು ಜೀನ್ಸನ್ನು ಲೀವೈಸ್ ಕಂಪನಿಯೇ ಇಬೇ ಹರಾಜಿನಲ್ಲಿ 46,532 ಡಾಲರ್ ಕೊಟ್ಟು ಕೊಂಡಿತು. ಅದರ ಪಡಿಯಚ್ಚು ಮಾಡಿ ಮಾರಿತು ಕೂಡ. ಪ್ಯಾಂಟನ್ನು ಮಾಸಿದ ಆ ಗಣಿ ಕೂಲಿ ಯಾರು ಅಂತ ಯಾರಿಗೂ ಗೊತ್ತಿಲ್ಲ.

ಇಷ್ಟಾದರೆ ಪರವಾಗಿಲ್ಲ, ಹಳೇ ವಸ್ತು ಜೋಪಾನ ಮಾಡಿದರು ಅನ್ನಬಹುದು. ಹೊಸ ಪ್ಯಾಂಟನ್ನು ಅಂಗಡಿಗೆ ಬರೋ ಮುಂಚೆಯೇ ಹಳೇದು ಮಾಡೋ ಕೆಲಸ ಇದೆಯಲ್ಲ, ಅದು ಬೇರೆ ಕಥೆ. ಪ್ಯೂಮಿಸ್ ಕಲ್ಲಿನ ಜೊತೆ ಹಾಕಿ ಒಗೆಯೋದು, ಉಪ್ಪುಕಾಗದದಿಂದ ಉಜ್ಜೋದು, ಪರ್ಮ್ಯಾಂಗನೇಟ್ ಸಿಂಪಡಿಸೋದು. ಈಗ ದುಡ್ಡಿದ್ದವರು ಲೇಸರ್ ಹೊಡೆಸ್ತಾರೆ. ಇವೆಲ್ಲದಕ್ಕಿಂತ ಕೆಟ್ಟದ್ದು ಮರಳು ಹೊಡೆಯೋದು, ಅಂದ್ರೆ ಗಾಳಿಯ ಒತ್ತಡದಲ್ಲಿ ಮರಳನ್ನು ಬಟ್ಟೆಗೆ ರಾಚೋದು. ಆ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಬರುತ್ತೆ, ವಾಸಿ ಮಾಡೋ ಔಷಧ ಇಲ್ಲ. ಟರ್ಕಿಯಲ್ಲಿ ಹೀಗೆ ಎಷ್ಟೋ ಜನ ಎಳೇ ವಯಸ್ಸಿನ ಹುಡುಗರು ಸತ್ತ ಮೇಲೆ 2009ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. 2010ರಲ್ಲಿ ಲೀವೈಸ್, ಎಚ್ ಅಂಡ್ ಎಂ ಕೂಡ ಕೈಬಿಡ್ತೀವಿ ಅಂದವು.

ಸಿಲಿಕೋಸಿಸ್ ಅನ್ನೋದು ಯಾರ ಕಾಯಿಲೆ ಗೊತ್ತಾ? ಗಣಿಯಲ್ಲಿ ಕಲ್ಲು ಒಡೆಯೋರದ್ದು. ಗಣಿ ಕಾರ್ಮಿಕನ ಪ್ಯಾಂಟಿನಂತೆ ಕಾಣಲಿ ಅಂತ ಹೊರಟು, ಗಣಿ ಕಾರ್ಮಿಕನ ಕಾಯಿಲೆಯನ್ನು ಪ್ಯಾಂಟು ಮಾಡೋರಿಗೆ ಅಂಟಿಸಿದರು. ಇದನ್ನು ಓದಿದ ದಿನದಿಂದ ಮಾಸಿದ ಜೀನ್ಸ್ ನೋಡಿದಾಗಲೆಲ್ಲಾ ನನಗೆ ಕೆಮ್ಮಿನ ಸದ್ದು ಕೇಳಿದ ಹಾಗಾಗುತ್ತೆ.

ಈಗ ನಮ್ಮ ರಾಜ್ಯಕ್ಕೇ ಬರೋಣ. ಜೀನ್ಸ್ ಅಂದ್ರೆ ಕರ್ನಾಟಕದಲ್ಲಿ ಬಳ್ಳಾರಿ. ಬ್ರಿಟಿಷರ ದಂಡು ಇದ್ದ ಊರು, ಸೈನಿಕರಿಗೆ ಸಮವಸ್ತ್ರ ಹೊಲಿದು ಪಳಗಿದ ದರ್ಜಿಗಳ ಊರು. 1980ರ ದಶಕದ ಹೊತ್ತಿಗೆ ಅದೇ ಕೈಗಳು ಜೀನ್ಸಿಗೆ ತಿರುಗಿಕೊಂಡವು. ಪಾಯಿಂಟ್ ಬ್ಲ್ಯಾಂಕ್, ವಾಕರ್, ಡ್ರ್ಯಾಗನ್‌ಫ್ಲೈ, ಪೋಡಿಯಂ ಅನ್ನೋ ಬ್ರಾಂಡುಗಳೆಲ್ಲ ಅಲ್ಲಿಂದ ಬಂದವು. ಕೌಲ್ ಬಜಾರಿನ ಕಡೆ ಹೋದರೆ ಗಲ್ಲಿ ಗಲ್ಲಿಯಲ್ಲೂ ಮಿಷನ್ ಸದ್ದು. ಒಂದು ಮನೆಯಲ್ಲಿ ಕಟಿಂಗು, ಇನ್ನೊಂದರಲ್ಲಿ ಹೊಲಿಗೆ, ಮತ್ತೊಂದರಲ್ಲಿ ಕಾಜಾ-ಗುಂಡಿ. ಹೆಂಗಸರು ಮನೆಯಲ್ಲೇ ಕೂತು ದಾರ ಕತ್ತರಿಸ್ತಾರೆ, ಕೂಲಿ ಪೀಸಿನ ಲೆಕ್ಕ. ಕೊನೆಗೆ ವಾಷಿಂಗು. ಆ ನೀಲಿ ನೀರು ಎಲ್ಲಿ ಬಿಡಬೇಕು ಅನ್ನೋದು ಇವತ್ತಿಗೂ ಅಲ್ಲಿಯ ದೊಡ್ಡ ತಲೆನೋವು.

2023ರ ವಿಧಾನಸಭಾ ಚುನಾವಣೆ ಪ್ರಚಾರದಲ್ಲಿ ರಾಹುಲ್ ಗಾಂಧಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಕೊಟ್ಟಿದ್ದರು. ರಾಜಕೀಯ ನನಗೆ ಬೇಡ. ಪಾರ್ಕು ಯಾರೇ ಮಾಡಲಿ, ಬೇಗ ಆಗಲಿ. ಕೊಳಕು ನೀರು ಶುದ್ಧ ಮಾಡೋ ಘಟಕ, ಒಳ್ಳೇ ಶೆಡ್ಡು, ನಿಗದಿಯಾಗಿ ಕರೆಂಟು, ಇವೆಲ್ಲ ಬೇಕೇ ಬೇಕು. ಆದರೆ ಇಷ್ಟೆಲ್ಲಾ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಆ ಶೆಡ್ಡಿನಲ್ಲಿ ಹೊಲಿಯೋ ಪ್ಯಾಂಟು ಯಾರದು?

ಯಾಕಂದ್ರೆ ಈಗ ಸಂತೆಗೆ, ಸಣ್ಣ ಅಂಗಡಿಗೆ ಬರೋ ಅಗ್ಗದ ಜೀನ್ಸ್ ಎಲ್ಲಾ ದೊಡ್ಡ ಬ್ರಾಂಡಿನ ನಕಲು. ಅಲ್ಲಿ ಮಂಡಿ ಹರಿದರೆ ಇಲ್ಲೂ ಹರೀತಾರೆ. ಅಲ್ಲಿ ಬಿಗಿ ಮಾಡಿದರೆ ಇಲ್ಲೂ ಬಿಗಿ. ಅಮೆರಿಕದ ಗಣಿಯನ್ನು ನೆನೆಸಿಕೊಂಡು ಮಾಡಿದ ಡಿಸೈನನ್ನು, ನಿಜವಾದ ಗಣಿಗಳ ಜಿಲ್ಲೆಯಲ್ಲಿ ಕೂತು ನಕಲು ಹೊಡೀತಿದೀವಿ! ನಕಲಿಗೆ ಸಿಗೋ ಲಾಭ ಎಷ್ಟು? ಡಿಸೈನು ನಿಮ್ಮದಲ್ಲದಾಗ ನಿಮ್ಮ ಹತ್ತಿರ ಇರೋ ಒಂದೇ ಅಸ್ತ್ರ ರೇಟು ಇಳಿಸೋದು. ರೇಟು ಇಳಿದಾಗ ಮೊದಲು ಕಮ್ಮಿ ಆಗೋದು ದಾರ ಕತ್ತರಿಸೋ ಹೆಂಗಸಿನ ಕೂಲಿ, ಆಮೇಲೆ ನೀರು ಶುದ್ಧ ಮಾಡೋ ಖರ್ಚು. ಡಿಸೈನ್ ಅನ್ನೋದು ಶೋಕಿ ಅಲ್ಲ ಅಂತ ನಾನು ಹೇಳ್ತಿರೋದು ಇದಕ್ಕೇ. ಸ್ವಂತ ಡಿಸೈನು ಇಲ್ಲದ್ದರ ಬೆಲೆಯನ್ನು ಯಾರೋ ಒಬ್ಬರು ತೆರ್ತಾನೇ ಇದಾರೆ.

ನಕಲಿನಿಂದ ಹೊರಗೆ ಬರೋಕೆ ಆಗುತ್ತಾ? ಜಪಾನಿನ ಒಕಾಯಾಮಾ ಪ್ರಾಂತ್ಯದ ಕೊಜಿಮಾ ಊರಿನ ಕಥೆ ಕೇಳಿ. ಅದೂ ಬಳ್ಳಾರಿ ಥರವೇ ಸಮವಸ್ತ್ರದ ಊರು, ಆದರೆ ಶಾಲೆ ಮಕ್ಕಳದ್ದು. 1965ರಲ್ಲಿ ಅಲ್ಲಿ ಜೀನ್ಸ್ ಹೊಲಿಯೋಕೆ ಶುರು ಮಾಡಿದಾಗ ಬಟ್ಟೆಯೂ ಅಮೆರಿಕದ್ದೇ, ಡಿಸೈನೂ ಅಮೆರಿಕದ್ದೇ. 1970ರ ದಶಕದಲ್ಲಿ ಡೆನಿಮ್ ಬಟ್ಟೆಯನ್ನು ಜಪಾನಿನಲ್ಲೇ ನೇಯತೊಡಗಿದರು. ಹಾಗೇ ತಮ್ಮ ಕಡೆಯ ನೀಲಿ ಬಣ್ಣದ ಹಳೇ ವಿದ್ಯೆ, ರೈತರು ಹರಿದ ಬಟ್ಟೆಗೆ ತೇಪೆ ಹಾಕಿ ಹೊಲೀತಿದ್ದ 'ಬೊರೊ' ಪದ್ಧತಿ ಇವನ್ನೆಲ್ಲ ಮೆಲ್ಲಗೆ ಜೀನ್ಸಿಗೆ ತಂದರು. ಕೊಜಿಮಾದ ಕ್ಯಾಪಿಟಲ್ ಅನ್ನೋ ಬ್ರಾಂಡು ಆ ತೇಪೆಯಿಂದಲೇ ಹೆಸರಾಯ್ತು. ಇವತ್ತು ಅಮೆರಿಕದವರೇ ಕ್ಯೂ ನಿಂತು ಕೊಜಿಮಾದ ಜೀನ್ಸ್ ಕೊಳ್ತಾರೆ. ಅವರೂ ನಕಲಿಂದಲೇ ಶುರು ಮಾಡಿದ್ದು, ಅಲ್ಲೇ ನಿಲ್ಲಲಿಲ್ಲ ಅಷ್ಟೆ.

ದೂರದ ಜಪಾನ್ ಯಾಕೆ ಅಂದ್ರೆ ಇಲ್ಲೇ ಒಂದು ಉದಾಹರಣೆ ಇದೆ. 1995ರಲ್ಲಿ ಅರವಿಂದ್ ಮಿಲ್ಸ್ 'ರಫ್ ಅಂಡ್ ಟಫ್' ಅಂತ ಒಂದು ಕಿಟ್ ತಂದಿತ್ತು. ನಮ್ಮ ಅಣ್ಣಂದಿರ ಕಾಲದವರಿಗೆ ನೆನಪಿರಬೇಕು. ಒಂದು ಪ್ಯಾಂಟಿನಷ್ಟು ಡೆನಿಮ್, ಜಿಪ್ಪು, ಗುಂಡಿ, ರಿವೆಟ್ಟು, ಲೇಬಲ್ಲು ಎಲ್ಲಾ ಒಂದೇ ಪ್ಯಾಕೆಟ್ಟಿನಲ್ಲಿ, ಇನ್ನೂರು ರೂಪಾಯಿಯೊಳಗೆ. ನಿಮ್ಮೂರ ಟೈಲರ್ ಹತ್ತಿರ ಕೊಟ್ಟು ಹೊಲಿಸಿಕೊಳ್ಳಿ ಅಂತ. ಹಳ್ಳಿಯವನಿಗೆ ರೆಡಿಮೇಡ್ ಕೊಳ್ಳೋಕೆ ದುಡ್ಡಿಲ್ಲ, ಆದರೆ ಟೈಲರ್ ಇದಾನೆ ಅಂತ ಯಾರೋ ಒಬ್ಬರು ಹಳ್ಳಿ ನೋಡಿ ತಿಳ್ಕೊಂಡಿದ್ದರು. ಆಮೇಲೆ ನಕಲಿಗಳ ಕಾಟ ಶುರುವಾಯ್ತು, ಅದು ಬೇರೆ. ಯೋಚನೆ ಮಾತ್ರ ಅಪ್ಪಟ.

ಇದೆಲ್ಲಕ್ಕಿಂತ ದೊಡ್ಡ ಉದಾಹರಣೆ ನಮ್ಮ ಮನೆಯ ಗೂಟಕ್ಕೇ ನೇತು ಹಾಕಿದೆ. ಕಂಬಳಿ!

ಮಲೆನಾಡಿನ ಮಳೆಗಾಲದ ಉಡುಪು ಅಂದ್ರೆ ಕಂಬಳಿ ಕೊಪ್ಪೆ. ಕಂಬಳಿಯ ಮೂಲೆ ಮಡಚಿ ತಲೆಗೆ ಹಾಕ್ಕೊಂಡರೆ ತಲೆ, ಬೆನ್ನು, ಹೆಗಲು ಮೂರೂ ಮುಚ್ಚುತ್ತೆ. ಹೊಲಿಗೆ ಇಲ್ಲ, ಗುಂಡಿ ಇಲ್ಲ. ಉಣ್ಣೆ ಎಷ್ಟೋ ನೀರನ್ನು ಕುಡಿದರೂ ಮೈಗೆ ತಣ್ಣಗಾಗಲು ಬಿಡಲ್ಲ. ಹತ್ತಿ ಮಾಡೋದರ ತದ್ವಿರುದ್ಧ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ. ಆದರೆ ಈ ಕಂಬಳಿ ನೇಯೋರು ಮಲೆನಾಡಿನವರಲ್ಲ. ಕುರಿ ಇರೋದು ಬಯಲುಸೀಮೆಯಲ್ಲಿ. ಹೆಸರುವಾಸಿ ಚಳ್ಳಕೆರೆ ಕಂಬಳಿ ಬರೋದು ಚಿತ್ರದುರ್ಗ ಜಿಲ್ಲೆಯಿಂದ, ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಅದೂ ಒಂದು. ಮೋಡ ನೋಡಿ ನೋಡಿ ಕಣ್ಣು ಸೋತ ಊರಿನ ಕುರುಬರು, ಬಿಡದೆ ಹೊಯ್ಯೋ ಊರಿಗೆ ಬಟ್ಟೆ ನೇಯ್ದು ಕಳಿಸಿದರು!

ಇದರ ಪಕ್ಕದಲ್ಲಿ ಗೊರಬನ್ನೂ ಇಟ್ಟು ನೋಡಿ. ಬಿದಿರಿನ ಸೀಳಿನ ಹಂದರ, ಮಧ್ಯೆ ಎಲೆ. ನೆಟ್ಟಗೆ ನಿಂತರೆ ಅದರಿಂದ ಪೂರ್ತಿ ಉಪಯೋಗ ಇಲ್ಲ, ಬಗ್ಗಿದಾಗಲೇ ಬೆನ್ನು ಮುಚ್ಚೋದು. ಯಾಕಂದ್ರೆ ಅದು ನಾಟಿ ಮಾಡೋ ಹೆಂಗಸಿಗೆ ಅಂತಲೇ ಮಾಡಿದ್ದು. ಎರಡೂ ಕೈ ಖಾಲಿ ಇರಬೇಕು, ಬೆನ್ನು ನೆನೀಬಾರದು. ಕೊಡೆ ಮಾಡಲಾಗದ್ದನ್ನು ಗೊರಬು ಮಾಡ್ತಿತ್ತು. ಈಗ ಅದರ ಜಾಗಕ್ಕೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು ಬಂದಿದೆ. ಅದನ್ನೂ ಜನ ಕೊಪ್ಪೆಯ ಹಾಗೇ ಮಡಚ್ತಾರೆ ನೋಡಿ. ಬಟ್ಟೆ ಬದಲಾದರೂ ಡಿಸೈನು ಬದಲಾಗಲಿಲ್ಲ. ಯಾವ ಬ್ರಾಂಡಿನ ಯಾವ ಸೀಸನ್ನು ಇಷ್ಟು ವರ್ಷ ಬಾಳಿದೆ ಹೇಳಿ?

ಹಾಗಾಗಿ ನನ್ನ ವಾದ ಇಷ್ಟೆ. ಚಳ್ಳಕೆರೆ ಮಾಡಿದ್ದನ್ನು ಬಳ್ಳಾರಿಯೂ ಮಾಡಬಹುದು. ಒಣನೆಲದ ಕೈಗಳಿಗೆ ಮಳೆಯ ಬಟ್ಟೆ ಮಾಡೋಕೆ ಬರುತ್ತೆ. ಯಾರು ಹಾಕ್ಕೋತಾರೆ ಅಂತ ಅವರಿಗೆ ಗೊತ್ತಿರಬೇಕು, ಅಷ್ಟೇ.

ಮತ್ತೆ ಯಾರು ಹಾಕ್ಕೋತಾರೆ? ನಮ್ಮ ಕಡೆ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಹುಡುಗರಿದ್ದಾರೆ, ಉತ್ತರ ಕರ್ನಾಟಕದವರಿದ್ದಾರೆ. ಎಲ್ಲರೂ ತೋಟಕ್ಕೆ ಜೀನ್ಸೇ ಹಾಕೋದು. ಗಟ್ಟಿ ಅಂತ. ಮಳೆಗಾಲದಲ್ಲಿ ಅದು ಒಣಗಲ್ಲ, ಬೇರೆ ಪ್ಯಾಂಟಿಲ್ಲ, ಹಸಿ ಪ್ಯಾಂಟನ್ನೇ ಮತ್ತೆ ಹಾಕ್ಕೋತಾರೆ. ತೊಡೆಸಂದಿ ಹುಣ್ಣಾಗುತ್ತೆ. ಹೇಳ್ಕೊಳ್ಳೋಕೆ ನಾಚಿಕೆ, ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಯಾವ ಮುಲಾಮು ಖರ್ಚಾಗುತ್ತೆ ಅಂತ ಹೇಳ್ತಾರೆ. ಆಲೂರು-ಸಕಲೇಶಪುರದಲ್ಲಿ ಆನೆ ಕಾಟ ನಿಮಗೆ ಗೊತ್ತೇ ಇದೆ. ಆನೆ ಬಂತು ಅಂದಾಗ ನೆನೆದು ಭಾರವಾದ ಬಿಗಿ ಪ್ಯಾಂಟಿನಲ್ಲಿ ಓಡೋಕೆ ಆಗುತ್ತಾ?

ಹೆಂಗಸರದ್ದು ಇನ್ನೂ ಸ್ವಾರಸ್ಯ. ಕಾಫಿ ಕುಯ್ಯೋ ಹೆಂಗಸರು ಸೀರೆಯ ಮೇಲೋ, ನೈಟಿಯ ಮೇಲೋ ಗಂಡಸರ ತುಂಬುತೋಳಿನ ಶರ್ಟು ಹಾಕ್ಕೊಂಡಿರ್ತಾರೆ. ಮಲೆನಾಡಿನ ಯಾವ ತೋಟಕ್ಕೆ ಹೋದರೂ ಇದೇ. ಹೋದ ಸಲ ರಜಕ್ಕೆ ಊರಿಗೆ ಹೋದಾಗ ನಮ್ಮ ತೋಟಕ್ಕೆ ಬರೋ ಒಬ್ಬರನ್ನು ಕೇಳಿದೆ, "ಈ ಅಂಗಿ ಯಾಕಕ್ಕ?"

"ನಮ್ ಯಜಮಾನ್ರುದ್ದು ಕಣಪ್ಪ, ಹಳೇದು. ಕೈ ತರಚಲ್ಲ, ಚಗಳಿ ಕಡಿಯಲ್ಲ. ಆಮೇಲೆ ಜೇಬೈತೆ" ಅಂದರು. ಜೇಬಿನಿಂದ ಎಲೆಅಡಿಕೆ ಚೀಲ ತೆಗೆದು ತೋರಿಸಿದರು. ಫೋನೂ ಅಲ್ಲೇ. "ಹೆಂಗಸ್ರು ಬಟ್ಟೆಗೆ ಜೇಬು ಯಾರು ಮಡಗ್ತಾರೆ?"

ರೀನೋ ಊರಿನ ಆ ಮರ ಕಡಿಯೋನ ಹೆಂಡತಿ ಹೇಳಿದ್ದೂ ಇಂಥದ್ದೇ ಒಂದು ಮಾತು. ಇಲ್ಲಿ ಕೇಳಿಸಿಕೊಳ್ಳೋ ಟೈಲರ್ ಇಲ್ಲ.

ನಾನು ಡಿಸೈನರ್ ಅಲ್ಲ. ಆದರೂ ನಮ್ಮ ಅಭ್ಯಾಸದ ಪ್ರಕಾರ ಬೇಕುಬೇಡಗಳ ಪಟ್ಟಿ ಮಾಡಬಲ್ಲೆ. ಬಟ್ಟೆ 8-9 ಔನ್ಸಿನದ್ದು, ಹತ್ತಿಯ ಜೊತೆ ಬೇಗ ಒಣಗೋ ಪಾಲಿಯೆಸ್ಟರ್ ನೂಲು ಸ್ವಲ್ಪ ಬೆರೆತಿದ್ದು, ಒಲೆ ಮುಂದೆ ಒಂದು ರಾತ್ರಿಗೆ ಒಣಗಬೇಕು. ಸೊಂಟದ ಪಟ್ಟಿ, ಜೇಬು ಎರಡು ಪದರ ದಪ್ಪ ಇರಬಾರದು, ನೀರು ನಿಲ್ಲೋದೇ ಅಲ್ಲಿ. ಕಾಲು ಸಡಿಲ ಇರಲಿ, ಲುಂಗಿ ಎತ್ತಿ ಕಟ್ಟಿದ ಹಾಗೆ ಮೊಣಕಾಲಿನವರೆಗೆ ಮಡಚಿ ಒಂದು ಗುಂಡಿ ಹಾಕೋ ಹಾಗಿರಲಿ. ಇಳಿಸಿದಾಗ ಪಾದದ ಹತ್ತಿರ ಬಿಗಿ ಕಟ್ಟೋಕೆ ಪಟ್ಟಿ, ಇಂಬಳ ಹತ್ತಬಾರದು. ಫೋನಿಗೆ ನೀರು ಹೋಗದ ಒಂದು ಜೇಬು, ಮೇಲ್ಗಡೆ. ಹೆಂಗಸರಿಗೆ ತೆಳು ಡೆನಿಮ್ಮಿನ ತುಂಬುತೋಳಿನ ಮೇಲಂಗಿ, ಸೀರೆ ಮೇಲೆ ಕೂರೋ ಅಳತೆ, ಎರಡು ನಿಜವಾದ ಜೇಬು, ಸೊಂಟಕ್ಕೆ ಕಾಫಿ ಚೀಲ ಕಟ್ಟಿದರೂ ಕೈಗೆ ಸಿಗೋ ಕಡೆ. ಮೊದಲೇ ಮಾಸಿಸೋದು ಬೇಡ, ಆ ಕೆಲಸ ನಾವೇ ಮಾಡ್ಕೋತೀವಿ :-) ಅಷ್ಟರ ಮಟ್ಟಿಗೆ ವಾಷಿಂಗಿನ ನೀರೂ ಉಳಿಯುತ್ತೆ.

ನೀರಿನ ಮಾತು ಸುಮ್ಮನೆ ಅಲ್ಲ. 2015ರಲ್ಲಿ ಲೀವೈಸ್ ತಾನೇ ಹಾಕಿದ ಲೆಕ್ಕದಲ್ಲಿ, ಒಂದು 501 ಜೀನ್ಸಿಗೆ ಹತ್ತಿ ಬೆಳೆಯೋದರಿಂದ ಹಿಡಿದು ನಾವು ಮನೆಯಲ್ಲಿ ಒಗೆಯೋವರೆಗೆ ಒಟ್ಟು 3,781 ಲೀಟರ್ ನೀರು. ಅದರಲ್ಲಿ ಹೆಚ್ಚು ಪಾಲು ಹತ್ತಿ ಬೆಳೆಗೇ ಹೋಗುತ್ತೆ, ನಿಜ. ಆದರೆ ವಾಷಿಂಗಿನ ನೀರು ಬಣ್ಣ, ರಾಸಾಯನಿಕ ಹೊತ್ತುಕೊಂಡು ಒಂದೇ ಊರಿನ ಚರಂಡಿಗೆ ಬರುತ್ತೆ. ಬಳ್ಳಾರಿ ಸೀಮೆಗೆ ಜೀವ ತುಂಗಭದ್ರೆ, ಅವಳು ಹುಟ್ಟೋದು ಮಲೆನಾಡಿನಲ್ಲಿ. ಮಲೆನಾಡಿನ ಮಳೆಯಲ್ಲಿ ದುಡಿದ ಹಾಗೆ ಕಾಣಲಿ ಅಂತ ಬಟ್ಟೆಯನ್ನು ಮಾಸಿಸಿ, ಆ ಕೊಳೆಯನ್ನು ಒಣಸೀಮೆಯ ಮಣ್ಣಿಗೆ ಬಿಡೋದು ಎಂಥಾ ಸ್ಫೂರ್ತಿ?

"ಫ್ಯಾಷನ್ ಅಂದ್ರೆ ಕನಸು ಕಣೋ, ಕೆಲಸದ ಬಟ್ಟೆ ಅಲ್ಲ. ನೀನು ಎಸಿ ಆಫೀಸಿನಲ್ಲಿ ಜೀನ್ಸ್ ಹಾಕ್ಕೊಂಡು ಕೂತಿಲ್ವಾ, ನಿಂಗ್ಯಾಕೆ ರಿವೆಟ್ಟು?" ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೇ ಪ್ರಶ್ನೆ. ನನಗೆ ರಿವೆಟ್ಟು ಬೇಕಿಲ್ಲ, ನಿಜ. ಆದರೆ ನೂರೈವತ್ತು ವರ್ಷದ ಹಿಂದೆ ಒಬ್ಬ ಮರ ಕಡಿಯೋನಿಗೆ ಬೇಕಿತ್ತು, ಅವನಿಗೆ ಅಂತ ಸರಿಯಾಗಿ ಮಾಡಿದ್ದಕ್ಕೇ ಅದು ಇಷ್ಟು ದೂರ ನಡೆದು ನನ್ನ ತನಕ ಬಂತು. ಒಬ್ಬರಿಗೆ ಸರಿಯಾಗಿ ಹೊಂದಿದ್ದು ಮಿಕ್ಕವರಿಗೆ ಕನಸಾಗುತ್ತೆ. ಕನಸಿನಿಂದ ಶುರು ಮಾಡಿದರೆ ಕೆಸರಿನ ಲೇಪ ಬರುತ್ತೆ. ಆಲೂರಿನ ತೋಟದಲ್ಲಿ ಚೆನ್ನಾಗಿ ಬಾಳಿದ ಮೇಲಂಗಿಯನ್ನು ನಾಳೆ ಬೆಂಗಳೂರಿನ ಹುಡುಗಿ ಇಷ್ಟಪಟ್ಟು ಹಾಕಲಿ, ನನಗೆ ಖುಷಿಯೇ. ಮೊದಲು ಆ ಅಕ್ಕನಿಗೆ ಸಿಗಲಿ.

ಇನ್ನು ಕೆಲವರು, ಜೀನ್ಸೇ ನಮ್ಮದಲ್ಲ, ಅದನ್ನು ಕಟ್ಟಿಕೊಂಡು ಯಾಕೆ ಅಳ್ತೀಯ ಅಂತಾರೆ. ಇಂಗ್ಲಿಷಿನ ಡಂಗರಿ ಅನ್ನೋ ಪದ ಬಂದದ್ದು ಮುಂಬೈನ ಡೋಂಗ್ರಿಯಿಂದ. ಇಂಡಿಗೋ ಅನ್ನೋ ಹೆಸರಿನಲ್ಲೇ ಇಂಡಿಯಾ ಇದೆ. ನೀಲಿ ಬಣ್ಣದ ಒರಟು ಹತ್ತಿ ಬಟ್ಟೆ ಈ ದೇಶದ ಕೂಲಿಯವರಿಗೆ ಹೊಸದೇನಲ್ಲ. ಜೀನ್ಸ್ ನಮ್ಮದಾ ಅಂತ ಜಗಳ ಆಡೋ ಬದಲು ನಮಗೆ ಆಗುತ್ತಾ ಅಂತ ಕೇಳೋದು ಒಳ್ಳೇದು.

ಬೆಂಗಳೂರಿನಲ್ಲಿ ನಿಫ್ಟ್ ಶುರುವಾದದ್ದು 1997ರಲ್ಲಿ. ದೊಡ್ಡ ದೊಡ್ಡ ಜೀನ್ಸ್ ಬ್ರಾಂಡುಗಳ ಕಚೇರಿಗಳೂ ಬೆಂಗಳೂರಿನಲ್ಲಿವೆ. ಬಳ್ಳಾರಿ ಅಲ್ಲಿಂದ ಒಂದು ರಾತ್ರಿಯ ಬಸ್ಸು, ಸಕಲೇಶಪುರ ನಾಲ್ಕೈದು ಗಂಟೆ ದಾರಿ. ಡಿಸೈನ್ ಓದೋ ಹತ್ತು ಹುಡುಗ ಹುಡುಗಿಯರು ಆಷಾಢದಲ್ಲಿ ಒಂದು ವಾರ ತೋಟದ ಲೈನು ಮನೆಗಳ ಹತ್ತಿರ ಓಡಾಡಿ, ಆಮೇಲೆ ಒಂದು ವಾರ ಕೌಲ್ ಬಜಾರಿನ ಮಿಷನ್ ಮುಂದೆ ಕೂರಲಿ. 5,000 ಕೋಟಿ ಬೇಕಿಲ್ಲ ಇದಕ್ಕೆ, ಬಸ್ ಚಾರ್ಜು ಸಾಕು. ಹೊಲಿದ ಮೊದಲ ನೂರು ಪೀಸನ್ನು ತೋಟಕ್ಕೇ ಕೊಟ್ಟು, ಒಂದು ಮಳೆಗಾಲ ಕಳೆದ ಮೇಲೆ ವಾಪಸ್ ಬಂದು, ಎಲ್ಲಿ ಹರಿದಿದೆ ಅಂತ ನೋಡಲಿ. ನಮ್ಮ ಭಾಷೆಯಲ್ಲಿ ಇದನ್ನು ಟೆಸ್ಟಿಂಗ್ ಅಂತಾರೆ.

ಇದನ್ನು ಓದ್ತಿರೋ ಬ್ಲಾಗಿಗ ಗೆಳೆಯರಲ್ಲಿ ಬಳ್ಳಾರಿ ಕಡೆಯವರಿದ್ದೀರಿ, ಡಿಸೈನ್ ಗೊತ್ತಿರೋರೂ ಒಬ್ಬಿಬ್ಬರು ಇದ್ದೀರಿ ಅಂತ ನನಗೆ ಗೊತ್ತು. ನಿಮ್ಮೂರಲ್ಲಿ ಮಳೆಗೆ, ಬಿಸಿಲಿಗೆ ದುಡಿಯೋ ಜನ ಏನು ಹಾಕ್ತಾರೆ, ಅದು ಎಲ್ಲಿ ಮೊದಲು ಹರಿಯುತ್ತೆ? ಬರೀರಿ. ಮೇಲಿನ ಪಟ್ಟಿಗೆ ಸೇರಿಸ್ತೀನಿ. ಮುಂದಿನ ಸಲ ಊರಿಗೆ ಹೋದಾಗ ಪಾಳ್ಯದ ಟೈಲರ್ ಹತ್ತಿರ ಒಂದು ಮೇಲಂಗಿ ಹೊಲಿಸೋದು ಅಂತಿದೀನಿ, ಎರಡು ಜೇಬಿನದ್ದು.